ಎರೆ ಮಣ್ಣಿನ ಮೇಲೆ ರಾಫ್ಟ್ ಬುನಾದಿ: ನನ್ನ ಅನುಭವ

ವಿಜಯಪುರ ಜಿಲ್ಲೆಯ ತಾಳಿಕೋಟೆಯ ಹತ್ತಿರದ ಆ ನಿವೇಶನವನ್ನು ನಾನು ಮೊದಲು ನೋಡಿದ್ದು ಏಪ್ರಿಲ್ ತಿಂಗಳಲ್ಲಿ. ಎರೆ ಭೂಮಿ ಬಾಯಿ ಬಿಟ್ಟಿತ್ತು. ಒಂದು ಬಿರುಕಿಗೆ ಟೇಪು ಇಳಿಬಿಟ್ಟರೆ ಮೂರು ಅಡಿಯವರೆಗೂ ಸಲೀಸಾಗಿ ಹೋಯಿತು. ‘ಡೋಣಿ ಹರಿದರೆ ಓಣೆಲ್ಲ ಕಾಳು’ ಎಂದು ಹೊಗಳಿಸಿಕೊಳ್ಳುವ ಡೋಣಿ ನದಿ ಸೀಮೆಯ ಈ ಮಣ್ಣು ಜೋಳಕ್ಕೆ ಹೇಳಿ ಮಾಡಿಸಿದ್ದು, ಬುನಾದಿಗಲ್ಲ: ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ, ಅದೂ ಮನೆಯಡಿ ಎಲ್ಲೆಡೆ ಒಂದೇ ಸಮನಾಗಿ ಅಲ್ಲ.

ಎಷ್ಟು ಉಬ್ಬುತ್ತದೆಂದು ತಿಳಿಯಲು, ಜರಡಿ ಹಿಡಿದ 10 ಗ್ರಾಂ ಒಣ ಮಣ್ಣನ್ನು ಒಂದು ಅಳತೆಗಾಜಿನಲ್ಲಿ ನೀರಿಗೂ ಇನ್ನೊಂದರಲ್ಲಿ ಸೀಮೆಎಣ್ಣೆಗೂ ಹಾಕಿ 24 ಗಂಟೆ ಬಿಟ್ಟೆ. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ. ಅಲ್ಲಿ 10 ಮಿ.ಲೀ.ಗೆ ನಿಂತ ಮಣ್ಣು ನೀರಿನಲ್ಲಿ 18ಕ್ಕೆ ಏರಿತ್ತು, ಅಂದರೆ ಶೇ 80ರಷ್ಟು ಉಬ್ಬು. ಶೇ 50 ದಾಟಿದರೆ ಅತಿಯಾಗಿ ಉಬ್ಬುವ ಮಣ್ಣೆಂದೇ ಲೆಕ್ಕ. ಕಂಬಕ್ಕೊಂದರಂತೆ ಹಾಕುವ ಬಿಡಿ ಫೂಟಿಂಗುಗಳ (ಪಾದಗಳ) ಲೆಕ್ಕ ಹಾಕಿದರೆ ಅವು ಮನೆಯ ಅರ್ಧಕ್ಕಿಂತ ಹೆಚ್ಚು ಜಾಗ ಕೇಳಿದವು. ಅಲ್ಲಿಗೆ ರಾಫ್ಟ್, ಅಂದರೆ ಇಡೀ ಮನೆಯಡಿ ಹರಡುವ ಒಂದೇ ಕಾಂಕ್ರೀಟ್ ಹಾಸು, ಎಂದು ನಿರ್ಧರಿಸಿದೆ. “ಸಾಹೇಬ್ರ, ಎರಡ ಅಂತಸ್ತಿನ ಮನಿಗೆ ಇಷ್ಟ್ಯಾಕ ಕಬ್ಬಿಣ?” ಎಂದು ಮನೆಯ ಯಜಮಾನರು ಕೇಳಿದ್ದು ನ್ಯಾಯವಾಗಿಯೇ ಇತ್ತು. ರಾಫ್ಟ್ ಮಣ್ಣು ಉಬ್ಬುವುದನ್ನು ತಡೆಯುವುದಿಲ್ಲ. ಒಂದೊಂದು ಕಂಬವೂ ತನ್ನ ಪಾಡಿಗೆ ತಾನು ಏರಿಳಿಯದಂತೆ ಎಲ್ಲವನ್ನೂ ಒಟ್ಟಿಗೆ ಹಿಡಿದಿಡುತ್ತದೆ, ಅಷ್ಟೇ.

ಆದ್ದರಿಂದ ಐದು ಅಡಿ ಎರೆ ಮಣ್ಣು ತೆಗೆಸಿ, ಮೂರು ಅಡಿ ಗರಸನ್ನು (ಕಲ್ಲುಹರಳಿನ ಮಣ್ಣನ್ನು) 9 ಇಂಚಿನ ಪದರಗಳಲ್ಲಿ ನೀರು ಹಾಕಿ ರೋಲರ್ ಹೊಡೆಸಿದೆವು. ಗೌಂಡಿ ಮರಳು ತುಂಬಿಸೋಣ ಎಂದಿದ್ದರು, ನಾನು ಒಪ್ಪಲಿಲ್ಲ. ಎರೆ ಮಣ್ಣಿನ ಗುಂಡಿಯಲ್ಲಿ ಮರಳು ತುಂಬಿದರೆ ಅದು ಮಳೆನೀರಿನ ತೊಟ್ಟಿಯಾಗಿ, ಕೆಳಗಿನ ಮಣ್ಣಿಗೆ ವರ್ಷವಿಡೀ ನೀರುಣಿಸುತ್ತದೆ. ಉಬ್ಬದಿದ್ದರೂ ಒಂದಿಷ್ಟು ಅಂಟು ಇರುವ ಗರಸೇ ಇಲ್ಲಿಗೆ ಸರಿ.

ಅದರ ಮೇಲೆ 100 ಮಿ.ಮೀ. ಬೆಡ್ ಕಾಂಕ್ರೀಟು, ನಂತರ 32×42 ಅಡಿಯ, 300 ಮಿ.ಮೀ. ದಪ್ಪದ ರಾಫ್ಟು, ಮೇಲೂ ಕೆಳಗೂ 12 ಮಿ.ಮೀ. ಸರಳಿನ ಜಾಲರಿ. ಕಾಂಕ್ರೀಟಿನ ಹಿಂದಿನ ಸಂಜೆ ಜಾಲರಿಯ ಮೇಲೆ ನಡೆದು ನೋಡಿದಾಗ ಕಾಲಡಿ ತೂಗಿತು. ಮೇಲಿನ ಜಾಲರಿಯನ್ನು ಹೊರಲು ಸರಳು ಬಾಗಿಸಿ ಮಾಡಿದ ‘ಕುರ್ಚಿ’ಗಳನ್ನು ಐದು ಅಡಿಗೊಂದು ಇಟ್ಟಿದ್ದರಿಂದ ನಡುವೆ ಅದು ಎರಡು ಇಂಚು ಕುಸಿದಿತ್ತು. ಹಾಗೆಯೇ ಬಿಟ್ಟಿದ್ದರೆ ಅಲ್ಲಿ ರಾಫ್ಟಿನ ಬಲದಲ್ಲಿ ಸುಮಾರು ಐದನೇ ಒಂದು ಪಾಲು ಹೋಗುತ್ತಿತ್ತು. ಕುರ್ಚಿಗಳ ನಡುವಿನ ದೂರವನ್ನು ನಕ್ಷೆಯಲ್ಲಿ ಬರೆಯದ ತಪ್ಪು ನನ್ನದೇ. ರಾತ್ರಿ ಹತ್ತರವರೆಗೆ ಕುಳಿತು, ಮೂರು ಅಡಿಗೊಂದರಂತೆ ಕುರ್ಚಿ ಕಟ್ಟಿಸಿದೆ.

ಕ್ಯೂರಿಂಗಿಗೆ, ಅಂದರೆ ಕಾಂಕ್ರೀಟು ಗಟ್ಟಿಯಾಗುವವರೆಗೆ ಒದ್ದೆಯಾಗಿಡಲು, ಮಣ್ಣಿನ ಕಟ್ಟೆ ಕಟ್ಟಿ ನೀರು ನಿಲ್ಲಿಸುವುದು ರೂಢಿ. ಆ ನೀರು ಪಕ್ಕದ ಎರೆಗೆ ಇಳಿಯುತ್ತದೆಂದು ಹತ್ತು ದಿನ ಗೋಣಿಚೀಲವನ್ನೇ ಒದ್ದೆಯಾಗಿಟ್ಟೆವು. ಮನೆ ಮುಗಿದ ಮೇಲೆ, ಮಳೆನೀರು ಬುನಾದಿಯ ಬಳಿ ಇಳಿಯದಂತೆ, ಸುತ್ತಲೂ ಐದು ಅಡಿ ಕಾಂಕ್ರೀಟಿನ ಇಳಿಜಾರು ಹಾಕಿಸಿದೆ. ಬೇರು ನೀರು ಹೀರಿದರೆ ಮಣ್ಣು ಕುಗ್ಗುತ್ತದೆಂದು, ಯಜಮಾನರು ಗೋಡೆಗೆ ಅಂಟಿದಂತೆ ನೆಟ್ಟಿದ್ದ ಬೇವಿನ ಸಸಿಯನ್ನು, ಅವರ ಮುನಿಸಿಗೂ ಜಗ್ಗದೆ, ಹಿತ್ತಲಿನ ತುದಿಗೆ ಸಾಗಿಸಿದೆ.