ಕಲಬುರಗಿಯ ಬಿಸಿಲಲ್ಲಿ ರೀಲ್ ಟೇಪ್ ಆಲ್ಬಂ: ಮಾಡಿದ ಬಗೆ, ಬಿದ್ದ ಖರ್ಚು

ಅಮೆರಿಕದ ಜಾಜ್ ಪಿಯಾನೋ ವಾದಕ ಬಿಲ್ ಇವಾನ್ಸ್ ಅವರ ಟ್ರಿಯೋಗೆ (ಮೂವರ ತಂಡಕ್ಕೆ) ಗೌರವವೆಂದು ಪಿಯಾನೋ, ಡಬಲ್ ಬಾಸ್, ಡ್ರಮ್ಸ್ ಮೂರೇ ವಾದ್ಯಗಳ ಒಂದು ಆಲ್ಬಂ ಕಲಬುರಗಿಯಲ್ಲೇ ಟೇಪಿನ ಮೇಲೆ ರೆಕಾರ್ಡ್ ಆಗಿ, ಟೇಪಿನಿಂದ ಟೇಪಿಗೇ ಪ್ರತಿ ಇಳಿದು ಮಾರಾಟವೂ ಆಯಿತು. ನಡುವೆ ಎಲ್ಲೂ ಕಂಪ್ಯೂಟರ್ ಇಲ್ಲ. "ನಿಮ್ಮೂರ ಬಿಸಿಲಿಗೆ ಟೇಪು ಬೆಲ್ಲದ ಪಾಕ ಆಗುತ್ತೆ" ಎಂದು ಬೆಂಗಳೂರಿನ ಗೆಳೆಯರು ನಕ್ಕಿದ್ದರು. "ಡಿಜಿಟಲ್‌ನಾಗ ಹಿಡದು ಆಮ್ಯಾಲ ಟೇಪಿಗೆ ಹಾಕ್ರಿ, ಯಾರಿಗ್ ಗೊತ್ತಾಗ್ತದ" ಎಂದವರು ಇಲ್ಲಿಯವರೇ. ಈಗ ಇಬ್ಬರೂ ಸುಮ್ಮನಿದ್ದಾರೆ, ಅದಕ್ಕೇ ಈ ಬರಹ. ಟೇಪ್ ಯಂತ್ರದ ಹೆಡ್ (ಟೇಪಿಗೆ ಸದ್ದು ಬರೆಯುವ, ಓದುವ ಭಾಗ) ಒರೆಸುವುದು, ಡೀಮ್ಯಾಗ್ನೆಟೈಸ್ ಮಾಡುವುದು ಗೊತ್ತಿದ್ದವರಿಗಾಗಿ ಬರೆದದ್ದು.

ಮೊದಲು ಕಾಲ. ನಮ್ಮ ಕಡೆ ಫ್ಯಾನ್ ಆರಿಸಿ ಕೂರಬಹುದಾದ ದಿನಗಳೇ ಕಡಿಮೆ, ಫ್ಯಾನ್ ತಿರುಗುತ್ತಿದ್ದರೆ ಬ್ರಷ್‌ನಲ್ಲಿ ನುಡಿಸುವ ಡ್ರಮ್ ಹಿಡಿಯಲಾಗದು. ಎಳ್ಳಮವಾಸ್ಯೆಯ ಹೊತ್ತಿಗೆ ತೊಗರಿ ರಾಶಿ ನಡೆದಿರುತ್ತದೆ, ಗಾಳಿಯಲ್ಲೆಲ್ಲ ಹೊಟ್ಟು, ದೂಳು. ರಾಶಿ ಮುಗಿದ ಮೇಲೆ, ಶರಣಬಸವೇಶ್ವರರ ಜಾತ್ರೆಯ ಮೈಕುಗಳು ಶುರುವಾಗುವ ಮೊದಲು ಮೂರ್ನಾಲ್ಕು ವಾರ ಸಿಗುತ್ತವೆ. ಅದರಲ್ಲೂ ರಾತ್ರಿ 9ರ ನಂತರ.

ಪಿಯಾನೋ ಟ್ಯೂನಿಂಗೂ ಅದೇ ಹೊತ್ತಿಗೇ ಆಗಬೇಕು. ಮಧ್ಯಾಹ್ನ ಟ್ಯೂನ್ ಮಾಡಿಸಿದರೆ ರಾತ್ರಿಯ ತಂಪಿಗೆ ತಂತಿ ಬಿಗಿದು ಶ್ರುತಿ ಏರುತ್ತದೆ, ಅದೂ ಎಲ್ಲ ಕಡೆ ಸಮನಾಗಿ ಅಲ್ಲ. ಕೋಣೆ ತಂಪಾಗಲಿ ಎಂದು ನೀರಿನ ಕೂಲರ್ ಹಾಕಿದರೆ ಇನ್ನೂ ಕೆಟ್ಟದ್ದು: ಸೌಂಡ್‌ಬೋರ್ಡ್ ತೇವ ಹೀರಿ ಉಬ್ಬುತ್ತದೆ, ನಡುವಿನ ಆಕ್ಟೇವ್‌ಗಳು ಮೇಲಕ್ಕೆ ಹೋಗುತ್ತವೆ. ಹೈದರಾಬಾದಿನಿಂದ ಬಂದ ಬಾಸ್ ಇಲ್ಲಿಯ ಒಣ ಹವೆಗೆ ಎರಡನೇ ದಿನವೇ ಅಂಚಿನ ಅಂಟು ಬಿಟ್ಟಿತು. ಕೆಳಗಿನ ಇ ತಂತಿ ಮೀಟಿದರೆ ಜುಂಯ್ ಎನ್ನುವ ಸದ್ದು. ಸರಿಮಾಡಿಸಿ, ತೂತುಗಳಿರುವ ರಬ್ಬರ್ ಕೊಳವೆಯಲ್ಲಿ ಒದ್ದೆ ಸ್ಪಂಜ್ ತುರುಕಿ ಎಫ್ ರಂಧ್ರದಿಂದ ಒಳಗೆ ಇಳಿಬಿಟ್ಟ ಮೇಲೆ ಆ ತಂಟೆ ನಿಂತಿತು. ಸಾಗಣೆ, ರಿಪೇರಿ ಸೇರಿ ಬಾಸ್ ಒಂದಕ್ಕೇ ಹದಿನಾಲ್ಕು ಸಾವಿರದ ಹತ್ತಿರ.

ಕೋಣೆ ಹಳೇ ಮನೆಯದು. ನೆಲಕ್ಕೆ ಶಹಾಬಾದ್ ಕಲ್ಲು, ಗೋಡೆಯೂ ಕಲ್ಲು, ಚಪ್ಪಾಳೆ ತಟ್ಟಿದರೆ ಪಟಪಟ ತಿರುಗಿ ಬರುತ್ತಿತ್ತು. ನೆಲಕ್ಕೆ ಜಮಖಾನ, ಗೋಡೆಗೆ ಕೌದಿ ಕಟ್ಟಿದರೆ ಮೇಲಿನ ಸ್ವರ ಸತ್ತಿತು, ಬಾಸಿನ ಗುಂಯ್‌ಗುಡುವಿಕೆ ಹಾಗೇ ಉಳಿಯಿತು. ಮೂಲೆಗಳಲ್ಲಿ ತೊಗರಿ ಚೀಲ ಒಟ್ಟಿ ನೋಡಿದ್ದಾಯಿತು, ಹೇಳಿಕೊಳ್ಳುವಷ್ಟು ಫರಕು ಬರಲಿಲ್ಲ. ಸಡಿಲವಾಗಿ ಹತ್ತಿ ತುಂಬಿದ ಗೋಣಿಚೀಲಗಳನ್ನು ಗೋಡೆಯಿಂದ ಒಂದು ಗೇಣು ಬಿಟ್ಟು ನೆಲದಿಂದ ಸೂರಿನವರೆಗೆ ನಿಲ್ಲಿಸಿದಾಗ ಗುಂಯ್ ಇಳಿಯಿತು. ಕೌದಿಗಳಲ್ಲಿ ಅರ್ಧ ತೆಗೆದುಹಾಕಿದೆ, ಮೇಲಿನ ಸ್ವರಕ್ಕೆ ಜೀವ ಬಂತು. ಹತ್ತಿ ಬಾಡಿಗೆಗೆ ಸಿಕ್ಕಿತು ಎನ್ನುವುದು ಈ ಭಾಗದಲ್ಲಿರುವುದರ ಲಾಭ.

ಕರೆಂಟಿನ ಮಾತು ಸ್ವಲ್ಪ ಉದ್ದ. ಸಂಜೆ ವೋಲ್ಟೇಜ್ 185ರ ಆಸುಪಾಸಿಗೆ ಇಳಿಯುತ್ತದೆ. ಸರ್ವೋ ಸ್ಟೆಬಿಲೈಸರ್ ಅದನ್ನು ಏರಿಸುವುದೇನೋ ಸರಿ, ಆದರೆ ಅದರೊಳಗಿನ ಕಾರ್ಬನ್ ಬ್ರಷ್ ಸರಿದಾಗಲೆಲ್ಲ ಟೇಪಿನ ಮೇಲೆ ಸಣ್ಣದೊಂದು ಟಿಕ್ ಕೂರುತ್ತದೆ. ಬಲ್ಲಾಡ್ (ನಿಧಾನಗತಿಯ ಹಾಡು) ನಡೆದಾಗ ಅದು ಕಿವಿಗೆ ಚುಚ್ಚುತ್ತದೆ. ಜನರೇಟರ್ ಬಾಡಿಗೆಗೆ ತಂದರೆ ಫ್ರೀಕ್ವೆನ್ಸಿ 50 ಹರ್ಟ್ಸ್‌ನಲ್ಲಿ ನಿಲ್ಲುವುದಿಲ್ಲ. ಟೇಪನ್ನು ಎಳೆಯುವ ಕ್ಯಾಪ್‌ಸ್ಟನ್‌ಗೆ ಸಿಂಕ್ರೊನಸ್ ಮೋಟಾರಿರುವ ಹಳೇ ಯಂತ್ರಗಳು ಆ ಫ್ರೀಕ್ವೆನ್ಸಿಯನ್ನೇ ಹಿಡಿದು ಓಡುವುದರಿಂದ ಪಿಯಾನೋದ ಶ್ರುತಿಯೇ ತೇಲಾಡುತ್ತದೆ. ಕೊನೆಗೆ 3 ಕೆವಿಎ ಆನ್‌ಲೈನ್ ಯುಪಿಎಸ್, ಬ್ಯಾಟರಿ ಸೇರಿ ಅರವತ್ತೈದು ಸಾವಿರ. ಅದರ ಫ್ಯಾನ್ ಸದ್ದು ಕೇಳಬಾರದೆಂದು ಎರಡು ಕೋಣೆ ಆಚೆ ಇಟ್ಟು ಕೇಬಲ್ ಎಳೆದದ್ದು. ಕರೆಂಟಿನ ಕಾಟ ನಮಗೊಬ್ಬರಿಗೇ ಅಲ್ಲ. 1961ರ ಜೂನ್ 25ರಂದು ನ್ಯೂಯಾರ್ಕಿನ ವಿಲೇಜ್ ವ್ಯಾನ್‌ಗಾರ್ಡ್ ಜಾಜ್ ಕ್ಲಬ್ಬಿನಲ್ಲಿ ಇವಾನ್ಸ್, ಬಾಸ್ ನುಡಿಸುವ ಸ್ಕಾಟ್ ಲಫಾರೋ, ಡ್ರಮ್ಸ್‌ನ ಪಾಲ್ ಮೋಶನ್ ಮೂವರನ್ನು ರೆಕಾರ್ಡ್ ಮಾಡುವಾಗಲೂ ಮೊದಲ ಟೇಕಿನ ನಡುವೆ ಕರೆಂಟ್ ಕೈಕೊಟ್ಟಿತ್ತು.

ಯಂತ್ರಗಳು: ಮಾಸ್ಟರಿಗೆ ಸ್ಟೂಡರ್ ಎ810, ಪ್ರತಿಗೆ ರೆವಾಕ್ಸ್ ಪಿಆರ್99 ಎರಡು. ಹಳೇ ಯಂತ್ರ ಕೊಂಡವರು ಪ್ಲಗ್ ಚುಚ್ಚುವ ಮೊದಲೇ ಮೇನ್ಸ್ ಬಳಿ ಇರುವ ಜೇನುಬಣ್ಣದ ಪೇಪರ್ ಕೆಪಾಸಿಟರುಗಳನ್ನು ಕಿತ್ತು ಹೊಸದು ಹಾಕಿ, ಬಿರುಕು ಬಿಟ್ಟಿದ್ದರೆ ಹೊಗೆ ಖಚಿತ. ಟೇಪ್ ಎಸ್‌ಎಂ911. ಎಸ್‌ಎಂ900 ಹೆಚ್ಚು ಲೆವೆಲ್ ತಾಳುತ್ತದೆ, ಆದರೆ ಅದಕ್ಕೆ ಬೇಕಾದಷ್ಟು ಬಯಾಸ್ (ರೆಕಾರ್ಡ್ ಮಾಡುವಾಗ ಸದ್ದಿನ ಜೊತೆ ಬೆರೆಸುವ, ಕಿವಿಗೆ ಕೇಳದ ಹೆಚ್ಚು ಫ್ರೀಕ್ವೆನ್ಸಿಯ ಕರೆಂಟು) ಕೊಡಲು ರೆವಾಕ್ಸ್ ಏದುಸಿರು ಬಿಡುತ್ತದೆ, ಅಳಿಸುವುದೂ ಪೂರ್ತಿ ಆಗುವುದಿಲ್ಲ. ವೇಗ 15 ಐಪಿಎಸ್ (ಸೆಕೆಂಡಿಗೆ 15 ಇಂಚು), ರೆಫರೆನ್ಸ್, ಅಂದರೆ ಮುಳ್ಳಿನ ಸೊನ್ನೆಗೆ ಟೇಪಿನ ಮೇಲೆ ಕೂರುವ ಕಾಂತಬಲ, 320 ನ್ಯಾನೋವೆಬರ್. ಸದ್ದಿನ ಸರಾಸರಿ ಮಟ್ಟ ತೋರಿಸುವ ವಿಯು ಮೀಟರಿನ ಮುಳ್ಳು ಪಿಯಾನೋದ ಏಟನ್ನು ತೋರಿಸುವುದೇ ಇಲ್ಲ, ನಿಜವಾದ ಪೀಕ್ ಎಂಟು–ಹತ್ತು ಡೆಸಿಬೆಲ್ ಮೇಲಿರುತ್ತದೆ. ಹಾಗಾಗಿ ಜೋರು ಭಾಗದಲ್ಲೂ ಮುಳ್ಳು –5 ದಾಟದಂತೆ ಇಟ್ಟದ್ದು. ಬಯಾಸ್ ಎಷ್ಟು ಎಂದು ಎಲ್ಲರೂ ಕೇಳುತ್ತಾರೆ. ಡೇಟಾಶೀಟ್ ಹೇಳುವುದಕ್ಕಿಂತ ಸ್ವಲ್ಪ ಬೇರೆ ಕಡೆ ಇಟ್ಟಿದ್ದೇನೆ, ರೈಡ್ ಸಿಂಬಲ್ ಕೇಳಿಸುತ್ತಾ ಹೊಂದಿಸಿದ್ದು. ಎಷ್ಟು, ಯಾವ ಕಡೆ ಎಂಬುದು ನನ್ನಲ್ಲೇ ಇರಲಿ.

ಮೈಕ್ ಒಟ್ಟು ನಾಲ್ಕು. ಮೂವರ ಮುಂದೆ ಆರು ಅಡಿ ಎತ್ತರದಲ್ಲಿ ಒಂದೂವರೆ ಅಡಿ ಅಂತರದ ಓಮ್ನಿ (ಎಲ್ಲ ದಿಕ್ಕಿನ ಸದ್ದು ಹಿಡಿಯುವ ಮೈಕ್) ಜೋಡಿ, ಬಾಸಿನ ತಂತಿ ಹೊತ್ತ ಬ್ರಿಡ್ಜ್‌ನಿಂದ ಒಂದಡಿ ದೂರಕ್ಕೆ ರಿಬ್ಬನ್ ಮೈಕ್, ಪಿಯಾನೋಗೆ ಒಂದು. ಸಮತೋಲ ಬೇಕಾದರೆ ಫೇಡರ್ ಮುಟ್ಟುವ ಬದಲು ಡ್ರಮ್ಮನ್ನೇ ಅರ್ಧ ಅಡಿ ಹಿಂದೆ ಸರಿಸಿದರೆ ಕೆಲಸ ಮುಗಿಯುತ್ತದೆ. ನೇರ ಎರಡೇ ಟ್ರ್ಯಾಕ್, ಆಮೇಲೆ ಮಿಕ್ಸ್ ಮಾಡುವ ಮಾತಿಲ್ಲ. ಬ್ಲೇಡು ಬಿದ್ದದ್ದು ಹಾಡುಗಳ ನಡುವೆ ಲೀಡರ್ (ಸದ್ದಿಲ್ಲದ ಖಾಲಿ ಪಟ್ಟಿ) ಅಂಟಿಸಲು ಮಾತ್ರ.

ಇಲ್ಲಿ ಒಂದು ಉಪಾಯ ಮುಚ್ಚಿಡದೆ ಹೇಳುತ್ತೇನೆ. ಟೇಪಿನಿಂದ ಟೇಪಿಗೆ ಒಂದು ತಲೆಮಾರು ಇಳಿದರೆ ಹಿಸ್ (ಟೇಪಿನದೇ ಸುಯ್ ಸದ್ದು) ಸುಮಾರು 3 ಡೆಸಿಬೆಲ್ ಏರುತ್ತದೆ. ಮೂಲ ಮಾಸ್ಟರನ್ನು ಪದೇಪದೇ ಓಡಿಸಿದರೆ ಅದು ಸವೆಯುತ್ತದೆ, ಉಳಿಸಲು ಹೋಗಿ ಪ್ರತಿಯಿಂದ ಪ್ರತಿ ತೆಗೆದರೆ ಈ ಹಿಸ್. ಆದ್ದರಿಂದ ಮಿಕ್ಸರಿನ ಔಟ್‌ಪುಟ್ ಒಮ್ಮೆಗೇ ಎರಡು ಯಂತ್ರಕ್ಕೆ ಹೋಯಿತು. ಒಂದು ಕಪಾಟಿಗೆ, ಇನ್ನೊಂದು ದುಡಿಯಲು. ಟೇಪಿನ ಖರ್ಚು ದುಪ್ಪಟ್ಟು, ಆದರೆ ಕೊಂಡವರ ಕೈಗೆ ಹೋಗುವುದು ಮಾಸ್ಟರಿನ ನೇರ ಮಗು.

ಪ್ರತಿ ಇಳಿಸುವುದು ಓಡುವ ವೇಗದಲ್ಲೇ. ಹತ್ತೂವರೆ ಇಂಚಿನ ರೀಲಿನ 2500 ಅಡಿ, 15 ಐಪಿಎಸ್‌ಗೆ 33 ನಿಮಿಷ, ಒಂದು ಆಲ್ಬಮ್ಮಿಗೆ ಎರಡು ರೀಲ್. ದೊಡ್ಡ ತಕರಾರು ಈಕ್ವಲೈಸೇಶನ್ನಿನದು, ಅಂದರೆ ಮೇಲಿನ, ಕೆಳಗಿನ ಸ್ವರಗಳನ್ನು ಎಷ್ಟು ಏರಿಸಿ ಇಳಿಸಿ ಟೇಪಿಗೆ ಹಿಡಿಯಬೇಕೆಂಬ ನಿಯಮದ್ದು. ಅದರಲ್ಲಿ ಐಇಸಿ, ಎನ್‌ಎಬಿ ಎಂದು ಎರಡು ಬಗೆ. ಐಇಸಿಯಲ್ಲಿ ಹಿಡಿದ ಟೇಪನ್ನು ಎನ್‌ಎಬಿ ಯಂತ್ರದಲ್ಲಿ ಹಾಕಿದರೆ ಮೇಲಿನ ಸ್ವರ 3 ಡೆಸಿಬೆಲ್‌ವರೆಗೆ ಏರಿ ಸಿಂಬಲ್ ಚೀರುತ್ತದೆ. ಬಾಸಿನ ತೆರೆದ ಇ ತಂತಿ, ಅಂದರೆ 41 ಹರ್ಟ್ಸ್, ಹತ್ತಿರಹತ್ತಿರ 4 ಡೆಸಿಬೆಲ್ ಸೊರಗುತ್ತದೆ. ಲಫಾರೋ ನೆನಪಿಗೆ ಮಾಡಿದ ಆಲ್ಬಮ್ಮಿನಲ್ಲಿ ಬಾಸೇ ತೆಳುವಾದರೆ ಹೇಗೆ? ಆರ್ಡರ್ ಕೊಟ್ಟ ಪ್ರತಿಯೊಬ್ಬರ ಯಂತ್ರ ಯಾವುದೆಂದು ಕೇಳಿ ಅದಕ್ಕೆ ತಕ್ಕಂತೆ ಪ್ರತಿ ಇಳಿಸುತ್ತೇನೆ. ಪ್ರತಿ ರೀಲಿನ ತಲೆಯಲ್ಲಿ 1 ಕಿಲೋಹರ್ಟ್ಸ್, 10 ಕಿಲೋಹರ್ಟ್ಸ್, 100 ಹರ್ಟ್ಸ್ ಟೋನ್ ಅರ್ಧರ್ಧ ನಿಮಿಷ ಇದೆ, ಅಜಿಮತ್ (ಟೇಪಿಗೆ ಹೆಡ್ ನಿಂತ ಕೋನ) ಹೊಂದಿಸಿಕೊಳ್ಳದೆ ಕೇಳಿ ದೂರು ಹೇಳಬೇಡಿ.

ಬಿಸಿಲಿಗೆ ಟೇಪು ಕರಗುವುದಿಲ್ಲ, ಆದರೆ ಪ್ರಿಂಟ್‌ಥ್ರೂ ಏರುತ್ತದೆ. ಒಂದು ಪದರದ ಸದ್ದು ಪಕ್ಕದ ಪದರಕ್ಕೆ ಹತ್ತಿ ಹಾಡಿಗೆ ಮುಂಚೆಯೇ ಅದರ ನೆರಳು ಕೇಳುತ್ತದೆ. ಒಂದೇ ಟೋನ್ ಹಾಕಿದ ಎರಡು ರೀಲುಗಳಲ್ಲಿ ಒಂದನ್ನು ತಾರಸಿ ಕೋಣೆಯಲ್ಲೂ ಇನ್ನೊಂದನ್ನು ನೆಲಮಾಳಿಗೆಯಲ್ಲೂ ಮೇ ತಿಂಗಳಿಡೀ ಇಟ್ಟು ಅಳೆದರೆ, ತಾರಸಿಯದರಲ್ಲಿ ನಾಲ್ಕೈದು ಡೆಸಿಬೆಲ್ ಹೆಚ್ಚು. ಈ ದಪ್ಪದ ಟೇಪಿನಲ್ಲಿ 15 ಐಪಿಎಸ್‌ಗೆ ಅದು ಅತಿಹೆಚ್ಚು ಕಾಣುವುದು 1.2 ಕಿಲೋಹರ್ಟ್ಸ್ ಸುತ್ತ, ಪಿಯಾನೋದ ಬಲಗೈ ಓಡಾಡುವ ಜಾಗದಲ್ಲೇ. ಪರಿಹಾರ ಹಳೆಯದೇ: ಟೇಲ್ ಔಟ್, ಅಂದರೆ ಟೇಪಿನ ಕೊನೆ ಹೊರಗೆ ಬರುವಂತೆ, ಸುತ್ತಿ ಇಡುವುದು, ಕೇಳುವ ಮೊದಲು ರಿವೈಂಡ್ ಮಾಡುವುದು. ಆಗ ಉಳಿದ ನೆರಳು ಸ್ವರದ ಹಿಂದೆ ಬಿದ್ದು ಅದರ ಬಾಲದಲ್ಲೇ ಅಡಗುತ್ತದೆ.

ಹಕ್ಕಿನ ವಿಚಾರ. ಕವರ್ ಹಾಡಿಗೆ (ಬೇರೆಯವರ ರಚನೆಯನ್ನು ನಾವು ನುಡಿಸಿ ಹೊರತರುವುದಕ್ಕೆ) ಕೃತಿಸ್ವಾಮ್ಯ ಕಾಯ್ದೆಯ 31ಸಿ ಕಲಂ ಹಿಡಿದರೆ ವರ್ಷಕ್ಕೆ ಕನಿಷ್ಠ 50,000 ಪ್ರತಿಗಳ ರಾಯಲ್ಟಿ ಕಟ್ಟಬೇಕು. ಇಪ್ಪತ್ತು–ಮೂವತ್ತು ಸೆಟ್ ಮಾಡುವವರಿಗೆ ಅದು ಆಗದ ಮಾತು. ಇವಾನ್ಸ್ ತೀರಿಕೊಂಡದ್ದು 1980ರಲ್ಲಿ, ಅವರ ರಚನೆಗಳ ಹಕ್ಕು ನಮ್ಮಲ್ಲಿ 2040 ಮುಗಿಯುವವರೆಗೆ ಇದೆ. ಲಫಾರೋ ಆ ರೆಕಾರ್ಡಿಂಗ್ ಆದ ಹನ್ನೊಂದೇ ದಿನಕ್ಕೆ ಕಾರ್ ಅಪಘಾತದಲ್ಲಿ ತೀರಿಕೊಂಡರು, ಅವರ ರಚನೆಗಳ ಅವಧಿ ಇಲ್ಲಿ 2021ಕ್ಕೆ ಮುಗಿದಿದೆ. ಹಾಗಾಗಿ ಲಫಾರೋದು ಎರಡು, ಉಳಿದವೆಲ್ಲ ನಮ್ಮವರೇ ಅದೇ ಧಾಟಿಯಲ್ಲಿ ಕಟ್ಟಿದವು. ಮಾರಾಟ ಭಾರತದೊಳಗೆ ಮಾತ್ರ, ಹೊರದೇಶದ ಲೆಕ್ಕವೇ ಬೇರೆ.

ದುಡ್ಡು. ಒಂದು ಪ್ಯಾನ್‌ಕೇಕ್ (ರೀಲಿಲ್ಲದೆ ಬರುವ ಟೇಪಿನ ಸುರುಳಿ) ಸುಂಕ, ಸಾಗಣೆ ಸೇರಿ ಕೈಗೆ ಬರುವಾಗ ಏಳೂವರೆ–ಎಂಟು ಸಾವಿರ, ಲೋಹದ ರೀಲ್ ಎರಡೂವರೆ. ಪೆಟ್ಟಿಗೆ, ಮುದ್ರಣ ಸೇರಿ ಎರಡು ರೀಲಿನ ಸೆಟ್ಟಿಗೆ ಇಪ್ಪತ್ತೆರಡು ಸಾವಿರ ಬಿತ್ತು, ಬೆಲೆ ಮೂವತ್ತೆರಡು. ಯಂತ್ರ ಬಿಟ್ಟು ರೆಕಾರ್ಡಿಂಗ್ ಖರ್ಚು ಎರಡೂಕಾಲು ಲಕ್ಷದ ಆಜುಬಾಜು, ಅದರಲ್ಲಿ ವಾದಕರ ಸಂಭಾವನೆಯೇ ತೊಂಬತ್ತು ಸಾವಿರ. ಇಪ್ಪತ್ತೈದರ ಸುಮಾರಿಗೆ ಸೆಟ್ ಹೋದ ಮೇಲೆ ಹಾಕಿದ್ದು ಬಂತು. ಈಗ ಮನೆ ಡೆಕ್ ಇರುವವರಿಗೆ ಅಗ್ಗದ ಪ್ರತಿ ಮಾಡುತ್ತಿದ್ದೇನೆ: ಏಳು ಇಂಚಿನ ರೀಲ್, ತೆಳುವಾದ ಎಲ್‌ಪಿಆರ್35, 1800 ಅಡಿ, 7.5 ಐಪಿಎಸ್‌ಗೆ 48 ನಿಮಿಷ. ಒಂದೇ ರೀಲಿಗೆ ಕೂರಿಸಲು ಎರಡು ತುಣುಕು ಬಿಡಬೇಕಾಯಿತು, ಬೆಲೆ ಹನ್ನೊಂದು ಸಾವಿರ. ಮಾರ್ಚ್ ಕೊನೆಯಿಂದ ಮಳೆ ಬೀಳುವವರೆಗೆ ಪಾರ್ಸೆಲ್ ಹಾಕುವುದಿಲ್ಲ, ಅವಸರ ಇದ್ದವರು ಕಲಬುರಗಿಗೆ ಬಂದು ರಾತ್ರಿ ರೈಲಿಗೆ ಒಯ್ಯಬಹುದು.