ಬಿಂಚೋತಾನ್ ಇದ್ದಿಲಿನಿಂದ ನಲ್ಲಿ ನೀರಿನ ಕ್ಲೋರಿನ್ ವಾಸನೆ ತೆಗೆಯುವುದು ಹೇಗೆ?

ಕುಡಿಯುವ ನೀರಿಗೆ ಯಾವ ಇದ್ದಿಲಾದರೂ ನಡೆಯುತ್ತದೆ ಎಂದುಕೊಳ್ಳಬೇಡಿ. ಜಪಾನಿನಲ್ಲಿ ಇದಕ್ಕೆ ಹೆಸರಾದದ್ದು ಬಿಂಚೋತಾನ್ ಎಂಬ ಬಿಳಿ ಇದ್ದಿಲು. ವಕಾಯಾಮ ಪ್ರಾಂತ್ಯದಲ್ಲಿ, ಅಂದರೆ ಹಳೆಯ ಕಿಶು ಸೀಮೆಯಲ್ಲಿ, ಉಬಾಮೆ ಓಕ್ ಮರದಿಂದ ಇದನ್ನು ಸುಡುತ್ತಾರೆ.

ಕೊಂಬೆಗಳನ್ನು ಮಣ್ಣಿನ ಗೂಡಿನಲ್ಲಿ ಒತ್ತಾಗಿ ನಿಲ್ಲಿಸಿ, ಗಾಳಿ ಕಟ್ಟಿ, ಹಲವು ದಿನ ಸಣ್ಣ ಕಾವಿನಲ್ಲಿ ಬೇಯಿಸುತ್ತಾರೆ. ಹೊಗೆಯ ಬಣ್ಣ, ವಾಸನೆ ಬದಲಾದದ್ದು ನೋಡಿ ಗೂಡಿನ ಬಾಯಿಯನ್ನು ಸ್ವಲ್ಪಸ್ವಲ್ಪವೇ ತೆರೆಯುತ್ತಾರೆ. ಗಾಳಿ ಒಳನುಗ್ಗಿ ಕಾವು 1000 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ಉಳಿದ ತೊಗಟೆ, ಟಾರು (ಮರ ಬೇಯುವಾಗ ಒಸರುವ ಕಪ್ಪು ಅಂಟು) ಉರಿದುಹೋಗುತ್ತವೆ. ನಿಗಿನಿಗಿ ಕೆಂಡವನ್ನು ಹೊರಗೆಳೆದು ಒದ್ದೆ ಮಣ್ಣು, ಬೂದಿ ಮುಚ್ಚಿ ಆರಿಸುತ್ತಾರೆ. ಮೈಮೇಲಿನ ಬಿಳುಪು ಆ ಬೂದಿಯದ್ದು. ನೀರಿನ ಮಟ್ಟಿಗೆ ಈ ಕೊನೆಯ ಉರಿಯೇ ಮುಖ್ಯ. ಟಾರು ಉಳಿದ ಇದ್ದಿಲು ಹಾಕಿದರೆ ನೀರಿಗೆ ಹೊಗೆ ವಾಸನೆ ಹತ್ತುತ್ತದೆ.

ಕೊಳ್ಳುವಾಗ ಎರಡು ತುಂಡುಗಳನ್ನು ಒಂದಕ್ಕೊಂದು ತಟ್ಟಿ ನೋಡಿ. ಲೋಹದಂತೆ 'ಠಣ್' ಎನ್ನಬೇಕು. ಮುರಿದ ಮೈ ಹೊಳೆಯಬೇಕು, ಕೈಗೆ ಮಸಿ ಹೆಚ್ಚು ಹತ್ತಬಾರದು. ನಡುವೆ ಉದ್ದಕ್ಕೂ ತೂತಿದ್ದರೆ ಅದು ಮರದ ಹೊಟ್ಟನ್ನು ಒತ್ತಿ ಮಾಡಿದ ಒಗತಾನ್. ಅಡುಗೆಯ ಒಲೆಗೆ ಸರಿ, ನೀರಿಗೆ ಬೇಡ. ಬಾರ್ಬೆಕ್ಯೂಗೆಂದು ಮಾರುವ ಮೂಟೆಯನ್ನೂ ಬಿಟ್ಟು, ಕುಡಿಯುವ ನೀರಿಗೆಂದು ಬರೆದಿರುವುದನ್ನೇ ತೆಗೆದುಕೊಳ್ಳಿ.

ಮಾಡುವ ಕ್ರಮ

ಒಂದು ಲೀಟರ್ ನೀರಿಗೆ 50ರಿಂದ 100 ಗ್ರಾಂ ಇದ್ದಿಲು ಸಾಕು. ಎರಡೂವರೆ ಸೆಂಟಿಮೀಟರ್ ದಪ್ಪ, ಗೇಣಿಗಿಂತ ಚಿಕ್ಕದಾದ ಒಂದು ತುಂಡು ಸುಮಾರಾಗಿ ಇಷ್ಟು ತೂಗುತ್ತದೆ.

ಮೊದಲು ಹರಿಯುವ ನೀರಿನಲ್ಲಿ ಬ್ರಷ್‌ನಿಂದ ಉಜ್ಜಿ ಬೂದಿ, ಪುಡಿ ತೆಗೆಯಿರಿ. ಸೋಪು ಸೋಕಿಸಲೇಬೇಡಿ, ಇದ್ದಿಲಿನ ಸಣ್ಣ ರಂಧ್ರಗಳು ಅದನ್ನು ಹೀರಿಕೊಂಡು ಆಮೇಲೆ ನೀರಿಗೆ ಬಿಡುತ್ತವೆ. ನಂತರ ತಣ್ಣೀರಿನಲ್ಲಿಟ್ಟು ಒಲೆ ಹಚ್ಚಿ, ಕುದಿ ಬಂದ ಮೇಲೆ 10 ನಿಮಿಷ ಕುದಿಸಿ. ಆ ನೀರು ಚೆಲ್ಲಿ. ಬಿಸಿ ತುಂಡನ್ನು ತಣ್ಣೀರಿಗೆ ಹಾಕಿದರೆ ಸೀಳುತ್ತದೆ, ತಾನಾಗಿ ಆರಲು ಬಿಡಿ. ಪೂರ್ತಿ ಒಣಗಿದ ಮೇಲೆ ಗಾಜಿನ ಜಗ್ಗಿನಲ್ಲಿ ನಿಲ್ಲಿಸಿ, ನಲ್ಲಿ ನೀರು ತುಂಬಿ, ಮುಚ್ಚಿ ಫ್ರಿಜ್‌ನಲ್ಲಿಡಿ. ಇದ್ದಿಲಿನ ಮೈಯಿಂದ ಸಣ್ಣ ಗುಳ್ಳೆಗಳು ಸಾಲುಗಟ್ಟಿ ಏಳುತ್ತವೆ. ರಂಧ್ರಗಳಲ್ಲಿದ್ದ ಗಾಳಿ ಹೊರಬರುತ್ತಿದೆ, ಅಷ್ಟೇ.

ರಾತ್ರಿಯಿಟ್ಟು ಬೆಳಿಗ್ಗೆ ಕುಡಿಯುವುದು ಸರಿಯಾದ ಲೆಕ್ಕ. ಕ್ಲೋರಿನ್ ಇಂಗಾಲದ ಮೈಗೆ ತಗುಲಿ ಕ್ಲೋರೈಡ್ ಆಗುತ್ತದೆ; ವಾಸನೆ ಕೊಡುವ ಕೆಲವು ಸಾವಯವ ವಸ್ತುಗಳು ರಂಧ್ರಗಳಲ್ಲಿ ಅಂಟಿಕೊಳ್ಳುತ್ತವೆ. ನಿಂತ ನೀರು ಇದ್ದಿಲನ್ನು ನಿಧಾನವಾಗಿ ತಲುಪುವುದರಿಂದ ಅರ್ಧ ಗಂಟೆಯಲ್ಲಿ ಹೆಚ್ಚೇನೂ ಆಗದು. ಫಿಲ್ಟರ್‌ನ ಸಕ್ರಿಯ ಇಂಗಾಲದಷ್ಟು (ರಂಧ್ರಗಳು ಹೆಚ್ಚುವಂತೆ ತಯಾರಿಸಿದ ಇದ್ದಿಲು) ರಂಧ್ರಗಳ ಒಳಮೈಯೂ ಇದಕ್ಕಿಲ್ಲ.

ಎಡವುವುದು ಇಲ್ಲಿ

ಕ್ಲೋರಿನ್ ಹೋಯಿತೆಂದರೆ ನೀರಿನ ಕಾವಲೂ ಹೋಯಿತು. ಕ್ರಿಮಿ ಬೆಳೆಯದಂತೆ ತಡೆಯಲೆಂದೇ ಜಪಾನಿನ ನಿಯಮ ನಲ್ಲಿಯ ತುದಿಯಲ್ಲೂ ಲೀಟರಿಗೆ ಕನಿಷ್ಠ 0.1 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕೆನ್ನುತ್ತದೆ. ಹಾಗಾಗಿ ಇದ್ದಿಲಿಟ್ಟ ನೀರನ್ನು ಒಂದೆರಡು ದಿನದೊಳಗೆ ಮುಗಿಸಿ. ಜಗ್ಗಿನ ಒಳಮೈ ಅಥವಾ ಇದ್ದಿಲು ಲೋಳೆಯಾದರೆ ನೀರು ಚೆಲ್ಲಿ, ಜಗ್ಗು ತಿಕ್ಕಿ, ಇದ್ದಿಲನ್ನು ಮತ್ತೆ ಕುದಿಸಿ.

ಇದ್ದಿಲು ಕ್ರಿಮಿಗಳನ್ನು ಕೊಲ್ಲುವುದಿಲ್ಲ. ಫ್ಲೋರೈಡ್, ನೈಟ್ರೇಟ್, ಗಡಸುತನ ಇದಕ್ಕೆ ಜಗ್ಗುವುದಿಲ್ಲ. ಕೋಲಾರ, ಪಾವಗಡದ ಕಡೆಯ ಫ್ಲೋರೈಡ್ ಇರುವ ಕೊಳವೆಬಾವಿ ನೀರಿಗೆ ಇದನ್ನು ನಂಬಿ ಕೂರುವುದು ಅಪಾಯ. ಮೊದಲೇ ಕುಡಿಯಲು ಯೋಗ್ಯವಾದ ನೀರಿನ ರುಚಿ ತಿದ್ದುವುದಷ್ಟೇ ಇದರ ಕೆಲಸ.

ವಾರ, ಹದಿನೈದು ದಿನಕ್ಕೊಮ್ಮೆ 10 ನಿಮಿಷ ಕುದಿಸಿ ಒಣಗಿಸಿ. ಇದರಿಂದ ರಂಧ್ರಗಳು ಸ್ವಲ್ಪ ತೆರವಾಗುತ್ತವೆ, ಹೊಸದರಷ್ಟಲ್ಲ. ಎರಡು ಮೂರು ತಿಂಗಳಿಗೆ ಬದಲಿಸಿ. ತೆಗೆದದ್ದನ್ನು ಒಣಗಿಸಿ ಚಪ್ಪಲಿ ಗೂಡಿನಲ್ಲಿಡಬಹುದು, ಕುಟ್ಟಿ ಕುಂಡದ ಮಣ್ಣಿಗೆ ಬೆರೆಸಬಹುದು. ಒಲೆಗೆ ಮಾತ್ರ ಹಾಕಬೇಡಿ: ಒಳಗೆ ತೇವ ಉಳಿದಿದ್ದರೆ ಉರಿಗೆ ಸಿಡಿದು ಕೆಂಡದ ಚೂರುಗಳು ಮೈಮೇಲೆ ಹಾರುತ್ತವೆ.