ಅಡಿಕೆ ಸಿಪ್ಪೆಯ ನಾರಿನಿಂದ ಫೈಬರ್ ಬೋರ್ಡ್ ಮಾಡುವುದು ಹೇಗೆ?

ನಮ್ಮ ಶಿರಸಿ ಕಡೆ ಅಡಿಕೆ ಸುಲಿತ ಶುರುವಾದರೆ ರಸ್ತೆ ಪಕ್ಕದಲ್ಲೆಲ್ಲ ಸಿಪ್ಪೆ ರಾಶಿ. ಸ್ವಲ್ಪ ತೋಟಕ್ಕೆ ಹೋಗುತ್ತದೆ, ಉಳಿದದ್ದಕ್ಕೆ ಬೆಂಕಿ ಹಾಕುತ್ತಾರೆ. ನನಗಂತೂ ನೋಡಿದರೆ ಸಂಕಟವಾಗುತ್ತದೆ. ಹಸಿ ಅಡಿಕೆಕಾಯಿಯ ತೂಕದಲ್ಲಿ ಅರ್ಧಕ್ಕಿಂತ ಜಾಸ್ತಿ ಸಿಪ್ಪೆಯೇ ಇರುತ್ತದೆ, ಅದರೊಳಗೆ ಗಟ್ಟಿಮುಟ್ಟಾದ ನಾರಿದೆ. ನಾನು ಕೊಟ್ಟಿಗೆ ಪಕ್ಕದ ಮಾಡಿನಲ್ಲಿ ಅದರಿಂದ ಒಂದಡಿ ಅಗಲದ ಹಲಗೆ ಮಾಡುತ್ತೇನೆ. ಆ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಚಾಲಿ ಸಿಪ್ಪೆ ಸಿಕ್ಕರೆ ಅದನ್ನೇ ತಗೊಳ್ಳಿ. ಹಣ್ಣಾಗಿ ಒಣಗಿದ ಅಡಿಕೆಯದ್ದಾದ್ದರಿಂದ ನಾರು ಬಲಿತಿರುತ್ತದೆ. ಕೆಂಪಡಿಕೆಗೆ ಸುಲಿದ ಹಸಿ ಸಿಪ್ಪೆಯ ನಾರು ಎಳೆಯದು, ಕುಟ್ಟಿದರೆ ಹುಡಿಯಾಗುತ್ತದೆ. ಮಳೆಗೆ ನೆನೆದು ಕಪ್ಪಾದ, ಬೂಸ್ಟು ಹಿಡಿದ ಸಿಪ್ಪೆ ಬೇಡವೇ ಬೇಡ.

ಸಿಪ್ಪೆಯನ್ನು ನಾಲ್ಕೈದು ದಿನ ನೀರಲ್ಲಿ ನೆನೆಹಾಕಿ, ಮರದ ಕೊಡತಿಯಿಂದ ಕುಟ್ಟಿ. ಹೊರಗಿನ ತೆಳು ಸಿಪ್ಪೆ ಬಿಟ್ಟು ಬರುತ್ತದೆ, ಎಳೆಗಳು ಬಿಡಿಸಿಕೊಳ್ಳುತ್ತವೆ. ಒಣಗಿಸಿ ಜರಡಿ ಹಿಡಿಯಿರಿ. ಕೆಳಗೆ ಬೀಳುವ ಹುಡಿ ಗೊಬ್ಬರಗುಂಡಿಗೆ ಹೋಗಲಿ. ಹಲಗೆಗೆ ಸೇರಿದರೆ ಅರ್ಧ ಗೋಂದನ್ನು ಅದೇ ಕುಡಿಯುತ್ತದೆ. ಉದ್ದ ಎಳೆಗಳನ್ನು ಎರಡು-ಮೂರು ಸೆಂಟಿಮೀಟರಿಗೆ ಕತ್ತರಿಸಿಕೊಳ್ಳಿ, ಇಲ್ಲದಿದ್ದರೆ ಉಂಡೆ ಕಟ್ಟುತ್ತವೆ.

ಇನ್ನು ಕಾಸ್ಟಿಕ್ ಸೋಡಾ. 10 ಲೀಟರ್ ನೀರಿಗೆ 500 ಗ್ರಾಂ. ನೀರಿಗೆ ಸೋಡಾ ಹಾಕಬೇಕು, ಸೋಡಾ ಮೇಲೆ ನೀರು ಸುರಿಯಬಾರದು, ಸಿಡಿಯುತ್ತದೆ. ರಬ್ಬರ್ ಕೈಗವಸು, ಕನ್ನಡಕ ಇಲ್ಲದೆ ಮುಟ್ಟಬೇಡಿ. ಪ್ಲಾಸ್ಟಿಕ್ ಅಥವಾ ಸ್ಟೀಲ್ ಪಾತ್ರೆ ಇರಲಿ, ಅಲ್ಯೂಮಿನಿಯಂ ಕರಗಿಹೋಗುತ್ತದೆ. ಒಂದು ಗಂಟೆ ನೆನೆದರೆ ಸಾಕು. ನಾರಿನ ಮೇಲಿನ ಮೇಣದಂಥ ಪದರ ಹೋಗಿ ಗೋಂದು ಹಿಡಿಯುತ್ತದೆ. ನೀರು ಅಡಿಕೆ ಬೇಯಿಸಿದ ಚೊಗರಿನ ಹಾಗೆ ಕಂದಾಗುತ್ತದೆ. ಅದನ್ನು ಹಾಗೇ ತೋಟಕ್ಕೆ ಬಿಡಬೇಡಿ, ವಿನೆಗರ್ ಹಾಕಿ ಕ್ಷಾರ ಮುರಿದು ಚೆಲ್ಲಿ. ನಾರನ್ನು ಕೆಂಪು ಲಿಟ್ಮಸ್ ಕಾಗದ ನೀಲಿಗೆ ತಿರುಗದಷ್ಟು ತೊಳೆಯಬೇಕು. ನಾವು ಬಳಸುವ ಯೂರಿಯಾ ಫಾರ್ಮಾಲ್ಡಿಹೈಡ್ ಗೋಂದು ಹುಳಿಯಲ್ಲಿ (ಆಮ್ಲದಲ್ಲಿ) ಗಟ್ಟಿಯಾಗುವಂಥದ್ದು. ಸೋಡಾ ಉಳಿದರೆ ಅದು ಹಸಿಯಾಗೇ ಉಳಿಯುತ್ತದೆ.

ಈಗ ಒಣಗಿಸುವುದು. ಹಲಗೆ ಆಗುವುದೂ ಕೆಡುವುದೂ ಇಲ್ಲೇ ತೀರ್ಮಾನವಾಗುತ್ತದೆ. ಕೈಗೆ ಗರಿಗರಿ ಅನ್ನಿಸಿದ ಮಾತ್ರಕ್ಕೆ ನಾರು ಒಣಗಿದೆ ಅಂತಲ್ಲ, ನಮ್ಮ ಮಲೆನಾಡಿನ ಗಾಳಿಯಲ್ಲಂತೂ ಇಲ್ಲವೇ ಇಲ್ಲ. ಬಿಸಿಲು ಕಂಡ ಮೇಲೂ ಅಡಿಕೆ ಡ್ರೈಯರಿನಲ್ಲಿ ಹರಡಿ. ಗಂಟೆಗೊಮ್ಮೆ ತೂಗಿ ನೋಡಿ, ತೂಕ ಇಳಿಯುವುದು ನಿಂತರೆ ಒಣಗಿತು. ತಕ್ಷಣ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಬಾಯಿ ಕಟ್ಟಿ.

ಲೆಕ್ಕ ನೋಡಿ. 30 ಸೆಂ.ಮೀ. ಉದ್ದಗಲ, 6 ಮಿ.ಮೀ. ದಪ್ಪದ ಹಲಗೆಗೆ ನಾನು 360 ಗ್ರಾಂ ನಾರು, 72 ಗ್ರಾಂ ಗೋಂದು ಹಾಕುತ್ತೇನೆ. ಗೋಂದಿನಲ್ಲಿ ಅರ್ಧ ನೀರೇ, ಅಂದರೆ 36 ಗ್ರಾಂ. ಬಿಸಿ ಪ್ರೆಸ್‌ನಲ್ಲಿ ಅಷ್ಟು ನೀರು ಆವಿಯಾಗಿ ಹೊರಗೆ ಹೋಗಬಹುದು. ನಾರಿನದ್ದೂ ಸೇರಿದರೆ ಆವಿಗೆ ದಾರಿ ಸಾಲದೆ ಹಲಗೆಯ ಹೊಟ್ಟೆ ಉಬ್ಬಿ ಸೀಳುತ್ತದೆ.

ಗೋಂದು ಗಟ್ಟಿಯಾಗಲು ಅದರ ತೂಕದ ಶೇ. 1ರಷ್ಟು ನವಸಾಗರ ಬೆರೆಸಿ, ಕಲಾಯಿ ಹಾಕುವವರು ಬಳಸುತ್ತಾರಲ್ವಾ, ಅದೇ. ಬೆರೆಸಿದ ಮೇಲೆ ಇಡುವಂತಿಲ್ಲ. ಪಿಚಕಾರಿಯಿಂದ ಸಿಂಪಡಿಸುತ್ತಾ ಕೈಯಲ್ಲಿ ನಾರನ್ನು ತಿರುವಿಹಾಕಿ. ಪ್ರತಿ ಎಳೆಯೂ ಸ್ವಲ್ಪ ಅಂಟಂಟಾಗಬೇಕು, ಎಲ್ಲೂ ತೊಟ್ಟಿಕ್ಕಬಾರದು. ಈ ಕೆಲಸ ಹೊರಗೆ ಗಾಳಿಯಲ್ಲೇ ಮಾಡಿ, ಆವಿ ತಡೆಯುವ ಕಾರ್ಟ್ರಿಜ್ ಮಾಸ್ಕ್ ಇರಲಿ. ಫಾರ್ಮಾಲ್ಡಿಹೈಡ್ ಕ್ಯಾನ್ಸರ್ ತರುವ ವಸ್ತು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಹೇಳಿದೆ. ಮಕ್ಕಳನ್ನು ಹತ್ತಿರ ಬಿಡಬೇಡಿ.

ಮರದ ಚೌಕಟ್ಟಿನಲ್ಲಿ ನಾರನ್ನು ಉದುರಿಸಿ ಹರಡಿ. ಮೂಲೆಗಳಲ್ಲಿ ತೆಳ್ಳಗಾಗುತ್ತದೆ, ಅಲ್ಲಿಗೆ ಒಂದು ಚಿಟಿಕೆ ಜಾಸ್ತಿ ಹಾಕಿ. ಮೇಲೊಂದು ಮರದ ಹಲಗೆ ಇಟ್ಟು ಕೈಯಿಂದ ಒತ್ತಿ, ಚೌಕಟ್ಟು ಎತ್ತಿ. ಕೆಳಗೂ ಮೇಲೂ ಅಲ್ಯೂಮಿನಿಯಂ ಫಾಯಿಲ್ ಇರಲಿ.

ಪ್ರೆಸ್ ಬಗ್ಗೆ ತುಂಬ ಜನ ಕೇಳುತ್ತಾರೆ. ಗ್ಯಾರೇಜಿನಲ್ಲಿ ಬೇರಿಂಗ್ ಕೀಳಲು ಇಟ್ಟಿರುವ 30 ಟನ್ನಿನ ಹೈಡ್ರಾಲಿಕ್ ಪ್ರೆಸ್ ಸಾಕು. ಚದರ ಸೆಂ.ಮೀ.ಗೆ 25ರಿಂದ 30 ಕೆ.ಜಿ. ಒತ್ತಡ ಬೇಕು, ನಮ್ಮ ಹಲಗೆ 900 ಚದರ ಸೆಂ.ಮೀ. ಅಲ್ಲಿಗೆ ಸರಿಹೋಯಿತು. ಎರಡು ದಪ್ಪ ಉಕ್ಕಿನ ಪ್ಲೇಟಿಗೆ ಹೀಟರ್, ಥರ್ಮೋಸ್ಟಾಟ್ ಹಾಕಿಸಿ, ಅರ್ಥಿಂಗ್ ಮರೆಯಬೇಡಿ. ಪ್ಲೇಟ್ 25 ಮಿ.ಮೀ. ಇರಲಿ, ತೆಳುವಾದರೆ ನಡುವೆ ಬಾಗುತ್ತದೆ. ಜಾಕಿಗೂ ಪ್ಲೇಟಿಗೂ ಮಧ್ಯೆ ಶಾಖ ತಡೆಯುವ ಹಲಗೆ ಬೇಕು, ಇಲ್ಲದಿದ್ದರೆ ಜಾಕಿಯ ಆಯಿಲ್ ಸೀಲ್ ಹಾಳಾಗುತ್ತದೆ. ಎರಡು ಬದಿಗೆ 6 ಮಿ.ಮೀ. ಉಕ್ಕಿನ ಪಟ್ಟಿ ಇಟ್ಟರೆ ದಪ್ಪ ತಪ್ಪುವುದಿಲ್ಲ.

150 ಡಿಗ್ರಿ ಸೆಲ್ಸಿಯಸ್, ಸುಮಾರು ಎಂಟು ನಿಮಿಷ. ಮೊದಲು ಅಂಚಿನಿಂದ ಸುಯ್ಯೆಂದು ಆವಿ ಬರುತ್ತದೆ, ಆಮೇಲೆ ನಿಲ್ಲುತ್ತದೆ. ಸಮಯವಾದ ತಕ್ಷಣ ಪೂರ್ತಿ ಬಿಚ್ಚಬೇಡಿ. ಒತ್ತಡವನ್ನು ಸ್ವಲ್ಪ ಸ್ವಲ್ಪವೇ ಇಳಿಸುತ್ತಾ ಒಂದು ನಿಮಿಷ ತಗೊಳ್ಳಿ. ತೆಗೆದ ಹಲಗೆಯನ್ನು ಭಾರದ ಕೆಳಗೆ ಒಂದು ದಿನ ಇಟ್ಟು, ಆಮೇಲೆ ಅಂಚು ಕೊಯ್ಯಿರಿ.

ಕೊಯ್ದ ತುಂಡೊಂದರ ದಪ್ಪ ಅಳೆದು 24 ಗಂಟೆ ನೀರಲ್ಲಿಟ್ಟು ಮತ್ತೆ ಅಳೆಯಿರಿ. ಉಬ್ಬೇ ಉಬ್ಬುತ್ತದೆ, ಈ ಗೋಂದಿನ ಗುಣವೇ ಅದು. ಅದಕ್ಕೇ ಬಚ್ಚಲಿಗೆ, ಅಡುಗೆಕಟ್ಟೆಗೆ ಇದು ಆಗದು. ಫೋಟೋ ಚೌಕಟ್ಟಿನ ಹಿಂಬದಿಗೆ, ಕಪಾಟಿನ ಬೆನ್ನಿಗೆ ಚೆನ್ನಾಗಿ ಒಪ್ಪುತ್ತದೆ. ಅಂಚಿಗೆ ಎರಡು ಕೈ ವಾರ್ನಿಷ್ ಹೊಡೆಯಿರಿ, ನೀರು ಮೊದಲು ಹೊಗುವುದು ಅಲ್ಲಿಂದಲೇ. ಮಾರುವ ಯೋಚನೆ ಇದ್ದರೆ ಮಾತ್ರ ಮೊದಲು ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿ. ಎಂಡಿಎಫ್ (ಮಧ್ಯಮ ಸಾಂದ್ರತೆಯ ಫೈಬರ್ ಬೋರ್ಡ್) ಹಲಗೆಗಳಿಗೆ ಐಎಸ್ 12406 ಎಂಬ ಭಾರತೀಯ ಮಾನಕವಿದೆ, ಅದರ ಜೊತೆ ಹೋಲಿಸಿಕೊಳ್ಳಬಹುದು.